ಸ್ಟುಡಿಯೋ ಕಂಪ್ಯೂಟರ್ ಬದಲಿಸಿದ್ದು: ಮೊದಲು ಕ್ಲೋನ್, ಆಮೇಲೆ ತಲೆನೋವು, ಆಮೇಲೆ ಕ್ಲೀನ್ ಇನ್‌ಸ್ಟಾಲ್

ಶಿವಮೊಗ್ಗದ ನಮ್ಮ ಮನೆ ಮಹಡಿಯಲ್ಲಿರುವ ಹತ್ತು-ಹನ್ನೆರಡು ಅಡಿ ಕೋಣೆಯೇ ನನ್ನ ಸ್ಟುಡಿಯೋ. ಭಕ್ತಿಗೀತೆ, ಶಾಲಾ ವಾರ್ಷಿಕೋತ್ಸವದ ಟ್ರ್ಯಾಕು, ಆಗಾಗ ಅಂಗಡಿಯವರ ಜಾಹೀರಾತು, ಇಷ್ಟೇ ವ್ಯವಹಾರ. ಹನ್ನೊಂದು ವರ್ಷದಿಂದ ಒಂದೇ ಕಂಪ್ಯೂಟರ್: ಇಂಟೆಲ್ ಐ5-4570, 16 ಜಿಬಿ ರ‍್ಯಾಮ್, ವಿಂಡೋಸ್ 10 ಇರುವ 240 ಜಿಬಿ ಎಸ್‌ಎಸ್‌ಡಿ, ಸ್ಯಾಂಪಲ್‌ಗಳಿಗೆ (ವಾದ್ಯಗಳ ರೆಕಾರ್ಡ್ ಮಾಡಿದ ಸದ್ದು) 1 ಟಿಬಿ ಹಾರ್ಡ್‌ಡಿಸ್ಕ್. ರೆಕಾರ್ಡಿಂಗ್‌ಗೆ ರೀಪರ್ ಎಂಬ ಸಾಫ್ಟ್‌ವೇರ್, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2.

ಬದಲಿಸಲು ಕಾರಣ ಎರಡು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು, ನಾಲ್ಕನೇ ತಲೆಮಾರಿನ ಇಂಟೆಲ್ ಮೇಲೆ ವಿಂಡೋಸ್ 11 ಅಧಿಕೃತವಾಗಿ ಕೂರುವುದಿಲ್ಲ. ಇದು ಹೇಳಿಕೊಳ್ಳುವ ಕಾರಣ. ನಿಜವಾದದ್ದು ಗಣೇಶನ ಹಬ್ಬಕ್ಕೆ ಒಪ್ಪಿಕೊಂಡ ಆರು ಹಾಡು. ಅದರಲ್ಲಿ ಒಂದಕ್ಕೆ ನಾದಸ್ವರ, ಡೋಲು, ಕೋರಸ್ಸು ಎಲ್ಲ ಸೇರಿ 42 ಟ್ರ್ಯಾಕ್. ಬಫರ್ (ಒಂದು ಸಲಕ್ಕೆ ಕಂಪ್ಯೂಟರ್ ಕೈಗೆತ್ತಿಕೊಳ್ಳುವ ಸದ್ದಿನ ಚೂರುಗಳ ಸಂಖ್ಯೆ; ಹೆಚ್ಚಿದ್ದಷ್ಟೂ ಅದಕ್ಕೆ ಬಿಡುವು ಹೆಚ್ಚು, ಸದ್ದು ಬರುವುದು ತಡ) 512ರಲ್ಲಿಟ್ಟರೂ ಹುರಿದ ಸಾಸಿವೆಯ ಹಾಗೆ ಚಿಟಚಿಟ.

ಜುಲೈ 26, ಶನಿವಾರ: ಪಟ್ಟಿ ಮಾಡಬೇಕಿತ್ತು

ಹಳೇ ಮೆಷಿನ್‌ನಲ್ಲಿ ಯಾವ್ಯಾವ ಪ್ಲಗಿನ್ (ರೀಪರ್ ಒಳಗೆ ಓಡುವ ವಾದ್ಯ, ಎಫೆಕ್ಟ್‌ಗಳ ಸಾಫ್ಟ್‌ವೇರ್) ಇದೆ, ಯಾವುದರ ಲೈಸೆನ್ಸ್ ಎಲ್ಲಿದೆ ಎಂದು ಬರೆದಿಟ್ಟುಕೊಳ್ಳಲು ಕೂತೆ. ಒಂದು ಪುಟ ಬರೆಯುವಷ್ಟರಲ್ಲಿ ಬೇಸರ ಬಂತು. ‘ಹೇಗೂ ಇಡೀ ಡಿಸ್ಕನ್ನೇ ಕ್ಲೋನ್ ಮಾಡುತ್ತೇನಲ್ಲ, ಇದ್ದದ್ದೆಲ್ಲ ಇದ್ದ ಹಾಗೇ ಬರುತ್ತದೆ’ ಎಂದು ಪುಸ್ತಕ ಮುಚ್ಚಿದೆ. ಮುಂದಿನದ್ದೆಲ್ಲ ಇದರ ಫಲ.

ಆಗಸ್ಟ್ 2, ಶನಿವಾರ: ಎಸ್‌ಪಿ ರೋಡ್

ರಾತ್ರಿ ಬಸ್ಸಿನಲ್ಲಿ ಬೆಂಗಳೂರು. ಕೊಂಡದ್ದು ಇಷ್ಟು:

ರೈಜೆನ್ 7 5700ಎಕ್ಸ್ ಪ್ರೊಸೆಸರ್ – 13,500 ರೂ.
ಬಿ550 ಮದರ್‌ಬೋರ್ಡ್ – 8,800 ರೂ.
32 ಜಿಬಿ ಡಿಡಿಆರ್4 – 5,600 ರೂ.
1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ – 5,400 ರೂ.
ಪವರ್ ಸಪ್ಲೈ – 3,600 ರೂ.
ಕೂಲರ್ – 1,900 ರೂ.

ಕ್ಯಾಬಿನೆಟ್ ಹಳೆಯದೇ ಸಾಕು ಎಂದುಕೊಂಡೆ. ಅಂಗಡಿಯ ಹುಡುಗ ಬಿಲ್ ಹಾಕುವಾಗ ‘ಗ್ರಾಫಿಕ್ಸ್ ಕಾರ್ಡ್ ಇದೆಯಾ ಸರ್?’ ಎಂದು ಕೇಳಿದ. ‘ನಾನು ಗೇಮ್ ಆಡಲ್ಲಪ್ಪ’ ಅಂದೆ. ಅವನು ನನ್ನನ್ನೊಮ್ಮೆ ನೋಡಿ ಸುಮ್ಮನಾದ. ಇನ್ನೊಂದು ಸಲ ಕೇಳಿದ್ದರೆ ಚೆನ್ನಾಗಿತ್ತು.

ಆಗಸ್ಟ್ 3, ಭಾನುವಾರ: ಜೋಡಣೆ, ಕಪ್ಪು ಪರದೆ

ಹಳೇ ಬೋರ್ಡ್ ಬಿಚ್ಚಿದೆ, ಹೊಸದು ಕೂರಿಸಿದೆ, ಎರಡೂವರೆ ಗಂಟೆ. ಫ್ಯಾನ್ ತಿರುಗಿತು, ದೀಪ ಹತ್ತಿತು, ಪರದೆ ಮಾತ್ರ ಕಪ್ಪು. ರ‍್ಯಾಮ್ ತೆಗೆದು ಹಾಕಿದೆ, ಕೇಬಲ್ ಬದಲಿಸಿದೆ, ಪಕ್ಕದ ಮನೆಯಿಂದ ಮಾನಿಟರ್ ಹೊತ್ತು ತಂದೆ. ರಾತ್ರಿ ಹತ್ತಕ್ಕೆ ಪೆಟ್ಟಿಗೆ ಮೇಲಿದ್ದದ್ದನ್ನು ಓದಿದರೆ, 5700ಎಕ್ಸ್‌ನಲ್ಲಿ ಗ್ರಾಫಿಕ್ಸ್ ಎಂಬುದೇ ಇಲ್ಲ. ಮದರ್‌ಬೋರ್ಡಿನ ಎಚ್‌ಡಿಎಂಐ ಕಿಂಡಿ, ಒಳಗೆ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಹಾಕಿದರೆ ಮಾತ್ರ ಜೀವ ಪಡೆಯುತ್ತದೆ. ಹನ್ನೊಂದು ವರ್ಷ ಇಂಟೆಲ್‌ನ ಒಳಗಿನ ಗ್ರಾಫಿಕ್ಸ್ ಮೇಲೇ ಬದುಕಿದವನಿಗೆ ಇದು ಹೊಳೆಯಲೇ ಇಲ್ಲ. ಆ ಹುಡುಗ ಕೇಳಿದ್ದು ಗೇಮ್ ಬಗ್ಗೆ ಅಲ್ಲ.

ಎರಡು ದಿನ ಬಿಟ್ಟು ಪರಿಚಯದವರಿಂದ ಸೆಕೆಂಡ್ ಹ್ಯಾಂಡ್ ಜಿಟಿ 710 ಕಾರ್ಡ್ ಸಿಕ್ಕಿತು, 1,500 ರೂ. ಅದಕ್ಕೆ ಫ್ಯಾನ್ ಇಲ್ಲ, ಸದ್ದಿಲ್ಲ. ಮೈಕ್ ಇರುವ ಕೋಣೆಗೆ ಅದೇ ಒಳ್ಳೆಯದು ಎಂದು ಸಮಾಧಾನ ಮಾಡಿಕೊಂಡೆ.

ಆಗಸ್ಟ್ 6, ಬುಧವಾರ: ಕ್ಲೋನ್

ಕ್ಲೋನ್‌ಜಿಲ್ಲಾ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಹಳೇ 240 ಜಿಬಿಯನ್ನು ಹೊಸ ಎನ್‌ವಿಎಂಇಗೆ ಇಳಿಸಿದೆ. ಸುಮಾರು 40 ನಿಮಿಷ. ಹೊರಗೆ ಮಳೆ. ನಡುವೆ ಎರಡು ಸಲ ಕರೆಂಟ್ ಹೋಗಿ ಬಂತು, ಯುಪಿಎಸ್ ಕಾಪಾಡಿತು. ಮಲೆನಾಡಿನ ಆಗಸ್ಟಿನಲ್ಲಿ ಯುಪಿಎಸ್ ಇಲ್ಲದೆ ಡಿಸ್ಕ್ ಕೆಲಸಕ್ಕೆ ಕೈ ಹಾಕಬೇಡಿ.

ಮೊದಲ ಯತ್ನ: ಬೂಟ್ ಆಗಲಿಲ್ಲ. ಹಳೇ ಡಿಸ್ಕು ವಿಂಡೋಸ್ 7ರ ಕಾಲದಿಂದ ಬಂದ ಎಂಬಿಆರ್ ಜಾತಿಯದು, ಅಂದರೆ ಡಿಸ್ಕನ್ನು ಪಾರ್ಟಿಶನ್‌ಗಳಾಗಿ ಹಂಚುವ ಹಳೇ ಪದ್ಧತಿ. ಹೊಸ ಬೋರ್ಡ್ ಬೂಟ್ ಆಗುವುದು ಯುಇಎಫ್‌ಐ ಎಂಬ ಹೊಸ ಕ್ರಮದಲ್ಲಿ, ಅದಕ್ಕೆ ಬೇಕಾದ್ದು ಜಿಪಿಟಿ ಎಂಬ ಹೊಸ ಪದ್ಧತಿ.

ಎರಡನೇ ಯತ್ನ: ವಿಂಡೋಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಶಿಫ್ಟ್ ಮತ್ತು ಎಫ್10 ಒತ್ತಿ ಕಮಾಂಡ್ ಕಿಟಕಿ ತೆರೆದು, ವಿಂಡೋಸ್ ಜೊತೆಗೇ ಬರುವ ಎಂಬಿಆರ್-ಟು-ಜಿಪಿಟಿ ಉಪಕರಣ ಓಡಿಸಿದೆ. ಪರೀಕ್ಷೆಯ ಹಂತದಲ್ಲೇ ನಿರಾಕರಿಸಿತು. ಕಾರಣ ಹುಡುಕಲು ಒಂದು ಗಂಟೆ ಹಿಡಿಯಿತು. ಪ್ರೈಮರಿ ಪಾರ್ಟಿಶನ್ ಮೂರಕ್ಕಿಂತ ಹೆಚ್ಚಿದ್ದರೆ ಅದು ಒಪ್ಪುವುದಿಲ್ಲ, ನನ್ನದರಲ್ಲಿ ನಾಲ್ಕು. ಯಾವುದೋ ಹಳೇ ಅಪ್‌ಡೇಟ್ ಸಮಯದಲ್ಲಿ 450 ಎಂಬಿಯ ರಿಕವರಿ ಪಾರ್ಟಿಶನ್ ಒಂದು ಹೆಚ್ಚುವರಿಯಾಗಿ ಹುಟ್ಟಿಕೊಂಡಿತ್ತು.

ಮೂರನೇ ಯತ್ನ: ಆ ಪಾರ್ಟಿಶನ್ ಅಳಿಸಿ (ಕ್ಲೋನ್‌ನಲ್ಲಿ, ಮೂಲದಲ್ಲಲ್ಲ, ಮೂಲದ ಡಿಸ್ಕನ್ನು ಕಿತ್ತು ಮೇಜಿನ ಡ್ರಾಯರ್‌ನಲ್ಲಿ ಇಟ್ಟಿದ್ದೆ) ಮತ್ತೆ ಓಡಿಸಿದೆ. ಒಂದು ನಿಮಿಷದೊಳಗೆ ಆಯಿತು.

ಬೂಟ್ ಆಯಿತು! ಐದು ನಿಮಿಷ ತನ್ನಷ್ಟಕ್ಕೆ ಏನೇನೋ ಹೊಂದಿಸಿಕೊಂಡು, ನನ್ನ ಅದೇ ಡೆಸ್ಕ್‌ಟಾಪ್, ಅದೇ ಜೋಗದ ಚಿತ್ರ, ಅದೇ ಮೂಲೆಯಲ್ಲಿ ಅದೇ ರೀಪರ್. ರೀಟೇಲ್ ಕೀ ಆದ್ದರಿಂದ ವಿಂಡೋಸ್ ಆಕ್ಟಿವೇಶನ್ ಕೂಡ ‘ಹಾರ್ಡ್‌ವೇರ್ ಬದಲಿಸಿದ್ದೇನೆ’ ಎಂದು ಒತ್ತಿದ ಮೇಲೆ ಸರಿಹೋಯಿತು. ಹೆಂಡತಿಯನ್ನು ಕರೆದು ತೋರಿಸಿದೆ. ‘ಏನೂ ಬದಲಾಗಿಲ್ಲವಲ್ಲ?’ ಎಂದಳು. ಅದೇ ಅಲ್ಲವೇ ಸಾಧನೆ ಎಂದೆ.

ಆಗಸ್ಟ್ 7, ಗುರುವಾರ: ಲೈಸೆನ್ಸ್

42 ಟ್ರ್ಯಾಕಿನ ಪ್ರಾಜೆಕ್ಟ್ ತೆರೆದೆ. ಮೂರು ಪ್ಲಗಿನ್‌ಗಳು ಐಲಾಕ್ (ಲೈಸೆನ್ಸ್ ಕಾಯುವ ವ್ಯವಸ್ಥೆ) ಕೇಳಿದವು. ಲೈಸೆನ್ಸ್ ಮ್ಯಾನೇಜರ್ ತೆರೆದರೆ ಮೂರೂ ‘ಬೇರೆ ಕಂಪ್ಯೂಟರ್’ನಲ್ಲಿವೆ. ನಾನು ಐಲಾಕ್ ಡಾಂಗಲ್ (ಲೈಸೆನ್ಸ್ ಇಡುವ ಯುಎಸ್‌ಬಿ ಕಡ್ಡಿ) ಕೊಂಡಿರಲಿಲ್ಲ. ದುಡ್ಡು ಉಳಿಸಲು ಲೈಸೆನ್ಸನ್ನು ನೇರ ಕಂಪ್ಯೂಟರಿಗೇ ಕಟ್ಟಿದ್ದೆ. ಡಿಸ್ಕಿನ ಅಕ್ಷರ ಅಕ್ಷರ ನಕಲಾದರೂ ಬೋರ್ಡ್ ಬದಲಾದರೆ ಐಲಾಕ್‌ನ ಲೆಕ್ಕದಲ್ಲಿ ಕಂಪ್ಯೂಟರ್ ಬೇರೆ. ಬಿಡಿಸಿಕೊಳ್ಳಬೇಕಾದರೆ ಹಳೇ ಕಂಪ್ಯೂಟರಿನಲ್ಲೇ ಕೂತು ಬಿಡಿಸಬೇಕು.

ಹಳೇ ಕಂಪ್ಯೂಟರ್? ಅದರ ಕ್ಯಾಬಿನೆಟ್‌ನೊಳಗೆ ಈಗ ಹೊಸದು ಕೂತಿದೆ.

ಮೇಜಿನ ಮೇಲೆ ಮದರ್‌ಬೋರ್ಡ್ ಬಂದ ರಟ್ಟಿನ ಪೆಟ್ಟಿಗೆ ಇಟ್ಟು, ಅದರ ಮೇಲೆ ಹಳೇ ಬೋರ್ಡ್ ಮಲಗಿಸಿದೆ. ಹಳೇ ಪವರ್ ಸಪ್ಲೈ, ಹಳೇ ಎಸ್‌ಎಸ್‌ಡಿ ಜೋಡಿಸಿದೆ. ಪವರ್ ಬಟನ್ ಇಲ್ಲ, ಆದ್ದರಿಂದ ಬಟನ್ ಜೋಡಿಸುವ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಮುಟ್ಟಿಸಿದೆ. ಓಡಿತು. ಇಂಟರ್‌ನೆಟ್ ಕೇಬಲ್ ಮಹಡಿ ಮೆಟ್ಟಿಲಿಂದ ಎಳೆದು ತಂದು ಮೂರೂ ಲೈಸೆನ್ಸ್ ಬಿಡಿಸಿದೆ. ಒಟ್ಟು ಹತ್ತು ನಿಮಿಷದ ಕೆಲಸ. ಹಳೇ ಬೋರ್ಡ್ ಬಿಚ್ಚುವ ಮೊದಲು ಮಾಡಿದ್ದರೆ ಎರಡೇ ನಿಮಿಷ. ಬೋರ್ಡ್ ಕೆಟ್ಟೇ ಹೋಗಿದ್ದರೆ ಆಯಾ ಕಂಪನಿಗಳಿಗೆ ಒಂದೊಂದೇ ಪತ್ರ ಬರೆದು ಕಾಯಬೇಕಿತ್ತು.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ಸ್ಕ್ರೂಡ್ರೈವರ್ ಮುಟ್ಟಿದರೆ ಹೋಳಿಗೆ ಇಲ್ಲ ಎಂಬ ಆಜ್ಞೆ. ಕೆಲಸ ಇಲ್ಲ.

ಆಗಸ್ಟ್ 9, ಶನಿವಾರ: ಮಾನ ಹೋದ ಬೆಳಗು

ಗಾಯಕಿಯನ್ನು ಬೆಳಿಗ್ಗೆ ಹತ್ತಕ್ಕೆ ಬರಹೇಳಿದ್ದೆ. ಕಪ್ಪು ನಾಲ್ಕರ ಶ್ರುತಿ, ನಿಧಾನ ಲಯದ ಹಾಡು. ಬಫರ್ 128ಕ್ಕೆ ಇಳಿಸಿದೆ, ಹೆಡ್‌ಫೋನಿನಲ್ಲಿ ಅವರ ದನಿ ಅವರಿಗೇ ತಡವಾಗಿ ಕೇಳಬಾರದಲ್ಲ. ಪಲ್ಲವಿ ಮುಗಿಯುವಷ್ಟರಲ್ಲಿ ‘ಟಕ್’. ಏಳೆಂಟು ಸೆಕೆಂಡ್ ಬಿಟ್ಟು ಮತ್ತೆ ‘ಟಕ್’. ಪ್ರೊಸೆಸರ್ ಬಳಕೆ ನೋಡಿದರೆ ಶೇ 20 ಕೂಡ ಇಲ್ಲ. 256, 512, ಏನಿಟ್ಟರೂ ಆಗೊಮ್ಮೆ ಈಗೊಮ್ಮೆ ಟಕ್. ಅವರು ಮುಕ್ಕಾಲು ಗಂಟೆ ತಾಳ್ಮೆಯಿಂದ ನಿಂತು, ‘ಹಳೇ ಕಂಪ್ಯೂಟರೇ ಚೆನ್ನಾಗಿತ್ತೇನೋ’ ಎಂದು ನಕ್ಕು ಹೊರಟರು.

ಲೇಟೆನ್ಸಿಮಾನ್ ಓಡಿಸಿದೆ. ಯಾವ ಡ್ರೈವರ್ ಎಷ್ಟು ಹೊತ್ತು ಪ್ರೊಸೆಸರನ್ನು ಹಿಡಿದು ಕೂರುತ್ತಿದೆ ಎಂದು ಮೈಕ್ರೋಸೆಕೆಂಡಿನಲ್ಲಿ ತೋರಿಸುವ ಸಾಫ್ಟ್‌ವೇರ್ ಅದು. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಎಂದರೆ ಸುಮಾರು 2,667 ಮೈಕ್ರೋಸೆಕೆಂಡ್. ಅಷ್ಟರೊಳಗೆ ಸದ್ದಿನ ಮುಂದಿನ ತುಣುಕು ಸಿದ್ಧವಾಗಬೇಕು. ನನ್ನ ಪರದೆಯಲ್ಲಿ ಒಂದು ಡ್ರೈವರ್ 3,100 ದಾಟುತ್ತಿತ್ತು, ಒಮ್ಮೊಮ್ಮೆ ಅದಕ್ಕೂ ಎಷ್ಟೋ ಮೇಲೆ. ಯಾವುದು ನೋಡಿದರೆ, ಹಳೇ ಮದರ್‌ಬೋರ್ಡಿನ ಜೊತೆ ಬಂದಿದ್ದ ಫ್ಯಾನ್ ನಿಯಂತ್ರಣದ ಸಾಫ್ಟ್‌ವೇರಿನದು! ಆ ಬೋರ್ಡ್ ಅಲ್ಲಿ ರಟ್ಟಿನ ಪೆಟ್ಟಿಗೆ ಮೇಲೆ ಮಲಗಿದೆ, ಅದರ ಡ್ರೈವರ್ ಇಲ್ಲಿ ಪ್ರತಿ ಏಳೆಂಟು ಸೆಕೆಂಡಿಗೊಮ್ಮೆ ಇಲ್ಲದ ಫ್ಯಾನನ್ನು ವಿಚಾರಿಸುತ್ತಿದೆ.

ತೆಗೆದು ಹಾಕಿದೆ. ಇಳಿಯಿತು, ಆದರೆ 1,400ರ ಆಸುಪಾಸಿನಲ್ಲಿ ನಿಂತಿತು. ಡಿವೈಸ್ ಮ್ಯಾನೇಜರ್‌ನಲ್ಲಿ ಅಡಗಿದ ಸಾಧನಗಳನ್ನು ತೋರಿಸು ಎಂದೆ. ಮಸುಕು ಬಣ್ಣದಲ್ಲಿ ಅರವತ್ತಕ್ಕೂ ಹೆಚ್ಚು ಸಾಲು: ಎಂದೋ ಮಾರಿದ ಮಿಡಿ ಕೀಬೋರ್ಡ್, ಯಾರದೋ ಮೊಬೈಲು, ಸತ್ತುಹೋದ ಪ್ರಿಂಟರ್, ಸ್ಕಾರ್ಲೆಟ್‌ನ ಎರಡು ಬೇರೆ ಬೇರೆ ಆವೃತ್ತಿಯ ಡ್ರೈವರ್. ಮನೆ ಬದಲಿಸುವಾಗ ಡಬ್ಬಗಳನ್ನು ತೆರೆದು ನೋಡದೆ ಹಾಗೇ ಲಾರಿಗೆ ಹಾಕಿದರೆ ಜಿರಳೆಗಳೂ ಹೊಸ ಮನೆಗೆ ಬರುತ್ತವೆ. ಸಂಜೆ ಆರರವರೆಗೆ ಒಂದೊಂದನ್ನೇ ಅಳಿಸುತ್ತ ಕೂತೆ. ಮೂವತ್ತರ ಹತ್ತಿರ ಬಂದಾಗ ಕೈ ಬಿಟ್ಟೆ. ಹಬ್ಬಕ್ಕೆ ಹದಿನೆಂಟು ದಿನ.

ಒಂದು ಮಾತು ಹೇಳಬೇಕು: ಕ್ಲೋನ್ ಯಾವಾಗಲೂ ಕೆಟ್ಟದ್ದು ಎನ್ನುತ್ತಿಲ್ಲ. ಅದೇ ಬೋರ್ಡು, ಡಿಸ್ಕು ಮಾತ್ರ ದೊಡ್ಡದು ಎಂದಿದ್ದರೆ ನಾನು ಇವತ್ತಿಗೂ ಕ್ಲೋನೇ ಮಾಡುತ್ತೇನೆ. ಹಿಂದೆ ಹಾಗೆ ಮಾಡಿ ಗೆದ್ದಿದ್ದೇನೆ ಕೂಡ. ಆ ಗೆಲುವಿನ ಧೈರ್ಯವೇ ಈ ಸಲ ದಾರಿ ತಪ್ಪಿಸಿತು.

ಆಗಸ್ಟ್ 10, ಭಾನುವಾರ: ಮೊದಲಿಂದ

ಮೊದಲು ಎರಡು ಕೆಲಸ. ರೀಪರ್‌ನ ಪ್ರಿಫರೆನ್ಸಸ್‌ನಲ್ಲಿ ‘ಎಕ್ಸ್‌ಪೋರ್ಟ್ ಕಾನ್ಫಿಗರೇಶನ್’ ಒತ್ತಿ ನನ್ನ ಶಾರ್ಟ್‌ಕಟ್, ಟ್ರ್ಯಾಕ್ ಟೆಂಪ್ಲೇಟ್, ಎಫೆಕ್ಟ್ ಚೈನ್ ಎಲ್ಲ ಒಂದೇ ಫೈಲಿಗೆ ತೆಗೆದುಕೊಂಡೆ. ಆಮೇಲೆ ಜುಲೈ 26ರಂದು ಮುಚ್ಚಿದ್ದ ಪುಸ್ತಕ ತೆರೆದು ಪಟ್ಟಿ ಪೂರ್ತಿ ಮಾಡಿದೆ. ಒಟ್ಟು 71 ಪ್ಲಗಿನ್. ಕಳೆದ ಎರಡು ವರ್ಷದ ಪ್ರಾಜೆಕ್ಟ್‌ಗಳನ್ನು ಒಂದೊಂದಾಗಿ ತೆರೆದು ನಿಜವಾಗಿ ಬಳಸಿದ್ದಕ್ಕೆ ಟಿಕ್ ಹಾಕಿದರೆ 19. ಉಳಿದ 52 ಯಾವುದೋ ದೀಪಾವಳಿ ರಿಯಾಯಿತಿಯ ನೆನಪುಗಳು. ಐಲಾಕ್ ಲೈಸೆನ್ಸ್‌ಗಳನ್ನು ಈ ಸಲ ಮೊದಲೇ ಬಿಡಿಸಿದೆ, ಅಷ್ಟು ಬುದ್ಧಿ ಬಂದಿತ್ತು.

ಆಮೇಲೆ ಬಯಾಸ್ ಅಪ್‌ಡೇಟ್ ಮಾಡಿ, ವಿಂಡೋಸ್ 11 ಕೇಳುವ ಸುರಕ್ಷತಾ ಸೌಲಭ್ಯಗಳಾದ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಆನ್ ಮಾಡಿದೆ. ಸ್ಯಾಂಪಲ್ ಹಾರ್ಡ್‌ಡಿಸ್ಕಿನ ಕೇಬಲ್ ಕಿತ್ತೆ. ಇದನ್ನು ಮರೆಯಬೇಡಿ. 2018ರಲ್ಲಿ ಒಮ್ಮೆ ಎರಡೂ ಡಿಸ್ಕ್ ಇಟ್ಟುಕೊಂಡು ವಿಂಡೋಸ್ ಹಾಕಿದಾಗ ಬೂಟ್ ಫೈಲುಗಳು ಸ್ಯಾಂಪಲ್ ಡಿಸ್ಕಿಗೆ ಹೋಗಿ ಕೂತಿದ್ದವು; ಅದನ್ನು ತೆಗೆದ ದಿನ ಕಂಪ್ಯೂಟರೇ ಏಳಲಿಲ್ಲ. ಎನ್‌ವಿಎಂಇ ಪೂರ್ತಿ ಅಳಿಸಿ ವಿಂಡೋಸ್ 11 ಹಾಕಿದೆ, ಇಪ್ಪತ್ತು ನಿಮಿಷ.

ಅನುಸರಿಸಿದ ಕ್ರಮ: ಚಿಪ್‌ಸೆಟ್ ಡ್ರೈವರ್, ಗ್ರಾಫಿಕ್ಸ್, ವಿಂಡೋಸ್ ಅಪ್‌ಡೇಟ್ ಮುಗಿಯುವವರೆಗೆ ಕಾಯುವುದು, ಕೊನೆಗೆ ಸ್ಕಾರ್ಲೆಟ್ ಡ್ರೈವರ್. ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್, ಯುಎಸ್‌ಬಿ ಮಲಗಿಸುವ ಆಯ್ಕೆ ಬಂದ್. ಪ್ಲಗಿನ್ ಒಂದನ್ನೂ ಹಾಕುವ ಮೊದಲು ಲೇಟೆನ್ಸಿಮಾನ್ ಅರ್ಧ ಗಂಟೆ ಬಿಟ್ಟೆ. ಗರಿಷ್ಠ 210. ಆ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ಮುಂದೆ ಏನು ಹಾಕಿದಾಗಲೂ ಮತ್ತೆ ಅಳೆಯುವುದು, ಏರಿದರೆ ಕೊನೆಗೆ ಹಾಕಿದ್ದೇ ಕಳ್ಳ.

ಆಗಸ್ಟ್ 11ರಿಂದ 13: ಪ್ಲಗಿನ್

ಮೂರು ಸಂಜೆ. ಸ್ಯಾಂಪಲ್ ಡಿಸ್ಕ್ ಮರಳಿ ಜೋಡಿಸಿದಾಗ ವಿಂಡೋಸ್ ಅದಕ್ಕೆ ಡಿ ಎಂದು ಹೆಸರಿಟ್ಟಿತು. ಹಳೇ ಮೆಷಿನ್‌ನಲ್ಲಿ ಅದು ಇ. ಪ್ರಾಜೆಕ್ಟ್ ತೆರೆಯುವ ಮೊದಲೇ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಇ ಎಂದು ಬದಲಿಸಿದೆ. ಆ ಒಂದು ಅಕ್ಷರದಿಂದ ನೂರಾರು ‘ಫೈಲ್ ಸಿಗುತ್ತಿಲ್ಲ’ ತಪ್ಪಿದವು. ಕಾಂಟ್ಯಾಕ್ಟ್ ಎಂಬ ಪ್ಲಗಿನ್‌ನ ವಾದ್ಯ ಲೈಬ್ರರಿಗಳು 60 ಜಿಬಿ. ಅವನ್ನು ಇನ್‌ಸ್ಟಾಲ್ ಮಾಡುವ ನೇಟಿವ್ ಆಕ್ಸೆಸ್‌ನಲ್ಲಿ ಮರು ಡೌನ್‌ಲೋಡ್ ಬದಲು ಡಿಸ್ಕಿನಲ್ಲಿ ಅವು ಇರುವ ಜಾಗ ತೋರಿಸಿದೆ, ಒಂದೊಂದಕ್ಕೆ ಅರ್ಧ ನಿಮಿಷ. ಡೌನ್‌ಲೋಡ್ ಮಾಡಿದ್ದರೆ ನಮ್ಮ 40 ಎಂಬಿಪಿಎಸ್ ಲೈನಿನಲ್ಲಿ ಎಲ್ಲ ಸರಿಯಿದ್ದರೂ ಮೂರೂವರೆ ಗಂಟೆ, ಮಳೆಗೆ ಲೈನ್ ಕಡಿದರೆ ದೇವರೇ ಗತಿ.

ರೀಪರ್ ಹಾಕಿ, ಕಾನ್ಫಿಗರೇಶನ್ ಫೈಲನ್ನು ಅದರ ಕಿಟಕಿ ಮೇಲೆ ಎಳೆದು ಬಿಟ್ಟೆ. ಶಾರ್ಟ್‌ಕಟ್, ಟೂಲ್‌ಬಾರ್ ಎಲ್ಲ ಬಂತು. ಇಲ್ಲಿ ಮಾತ್ರ ವರ್ಗಾವಣೆ ನಿಜಕ್ಕೂ ಕೆಲಸ ಮಾಡಿತು. ಹತ್ತು ವರ್ಷದ ಕೈ ಅಭ್ಯಾಸವನ್ನು ಮೊದಲಿಂದ ಕಟ್ಟುವ ಹುಚ್ಚು ಯಾರಿಗೂ ಬೇಡ.

ತಪ್ಪಿದ್ದು: ಪ್ರೀಸೆಟ್‌ಗಳು, ಅಂದರೆ ಹೆಸರಿಟ್ಟು ಉಳಿಸಿದ ಸೆಟ್ಟಿಂಗ್‌ಗಳು. ರೀಪರ್ ತನ್ನದನ್ನು ತಂದಿತು, ಆದರೆ ಪ್ಲಗಿನ್‌ಗಳು ತಮ್ಮದನ್ನು ಒಂದೊಂದು ಒಂದೊಂದು ಕಡೆ ಬಚ್ಚಿಡುತ್ತವೆ: ಡಾಕ್ಯುಮೆಂಟ್ಸ್‌ನಲ್ಲಿ ಕೆಲವು, ಆ್ಯಪ್‌ಡೇಟಾದಲ್ಲಿ ಕೆಲವು, ಪ್ರೋಗ್ರಾಮ್‌ಡೇಟಾದಲ್ಲಿ ಕೆಲವು. ‘ದೇವಸ್ಥಾನ’ ಎಂದು ನಾನು ಹೆಸರಿಟ್ಟಿದ್ದ ರಿವರ್ಬ್ (ಅನುರಣನದ ಎಫೆಕ್ಟ್) ಒಂದಿದೆ, ಆರು ವರ್ಷದಿಂದ ಎಲ್ಲ ಭಕ್ತಿಗೀತೆಗೂ ಅದೇ. ಅದು ನಾಪತ್ತೆ. 450 ರೂ. ಕೊಟ್ಟು ಸಾಟಾ-ಯುಎಸ್‌ಬಿ ಕೇಬಲ್ ತಂದು, ಡ್ರಾಯರ್‌ನ ಹಳೇ ಎಸ್‌ಎಸ್‌ಡಿ ಜೋಡಿಸಿ, ರಾತ್ರಿ ಹನ್ನೊಂದೂವರೆಗೆ ಅಡಗಿದ ಫೋಲ್ಡರೊಂದರಲ್ಲಿ ಹಿಡಿದೆ.

ಇನ್ನೊಂದು ತಂಬೂರಿ. 32 ಬಿಟ್‌ನ ಉಚಿತ ತಂಬೂರಿ ಪ್ಲಗಿನ್, ಮಾಡಿದವರು ಎಂದೋ ನಿಲ್ಲಿಸಿದ್ದಾರೆ, ಇನ್‌ಸ್ಟಾಲರ್ ಎಲ್ಲೂ ಸಿಗಲಿಲ್ಲ. ಹಳೇ ಡಿಸ್ಕಿನಿಂದ ಅದರ ಡಿಎಲ್‌ಎಲ್ ಫೈಲನ್ನು ನಕಲು ಮಾಡಿ ಪ್ಲಗಿನ್ ಫೋಲ್ಡರಿಗೆ ಹಾಕಿದೆ. 64 ಬಿಟ್ ರೀಪರ್ 32 ಬಿಟ್ ಪ್ಲಗಿನ್‌ಗೆ ತಾನೇ ಸೇತುವೆ ಕಟ್ಟಿಕೊಳ್ಳುತ್ತದೆ, ಆದ್ದರಿಂದ ನುಡಿಯಿತು. ಆದರೆ ಇನ್ನೆಷ್ಟು ದಿನ ಈ ಸೇತುವೆ ನಂಬುವುದು? ಪ-ಸ ಮತ್ತು ಮ-ಸ, ಹನ್ನೆರಡೂ ಶ್ರುತಿಯಲ್ಲಿ ಹತ್ತು ಹತ್ತು ನಿಮಿಷ ವೇವ್ ಫೈಲ್ ಮಾಡಿಟ್ಟುಕೊಂಡೆ. ಇನ್ನು ಆ ಪ್ಲಗಿನ್ ಹೋದರೂ ತಂಬೂರಿ ಹೋಗುವುದಿಲ್ಲ. ಇದೇ ಬುದ್ಧಿಯನ್ನು ಹಳೇ ಕಂಪ್ಯೂಟರ್ ಚೆನ್ನಾಗಿ ಓಡುತ್ತಿದ್ದಾಗಲೇ ಓಡಿಸಿ, ಹಳೇ ಪ್ರಾಜೆಕ್ಟ್‌ಗಳ ಟ್ರ್ಯಾಕ್‌ಗಳನ್ನೆಲ್ಲ ಬಿಡಿ ಬಿಡಿಯಾಗಿ ವೇವ್ ಮಾಡಿಟ್ಟಿದ್ದರೆ ಅರ್ಧ ಆತಂಕ ಇರುತ್ತಿರಲಿಲ್ಲ.

19ರಲ್ಲಿ 17 ಬಂದವು. ಹಾಕುತ್ತ ಹೋದಾಗ ಒಂದೇ ಒಂದು ಕಡೆ ಅಳತೆ 210ರಿಂದ 900ಕ್ಕೆ ಹಾರಿತು. ಪ್ಲಗಿನ್ ಅಲ್ಲ, ಅದರ ಜೊತೆ ಕೇಳದೆ ಬಂದ ಅಪ್‌ಡೇಟರ್. ಅದನ್ನು ಸ್ಟಾರ್ಟಪ್‌ನಿಂದ ತೆಗೆದಾಗ ಇಳಿಯಿತು.

ಆಗಸ್ಟ್ 14, ಗುರುವಾರ: ಮತ್ತೆ ಅದೇ ಹಾಡು

42 ಟ್ರ್ಯಾಕ್, ಬಫರ್ 128, ರೀಪರ್ ತೋರಿಸುವ ಪ್ರೊಸೆಸರ್ ಬಳಕೆ ಶೇ 24. ಹಳೆಯದರಲ್ಲಿ ಇದೇ ಪ್ರಾಜೆಕ್ಟ್ ಬಫರ್ 512ರಲ್ಲಿ ಶೇ 80ರ ಮೇಲಿತ್ತು. ಒಂದು ಗಂಟೆ ಲೂಪ್ ಮಾಡಿ ಹೆಡ್‌ಫೋನ್ ಹಾಕಿ ಕೂತೆ. ಒಮ್ಮೆ ‘ಟಕ್’ ಕೇಳಿ ಎದೆ ಧಸಕ್ಕೆಂದಿತು, ನೋಡಿದರೆ ಕಿಟಕಿಗೆ ಹಲ್ಲಿ.

ಗಾಯಕಿ 16ರಂದು ಬಂದು ಹಾಡಿದರು, ಎರಡೇ ಟೇಕ್.

ಲೆಕ್ಕ: ಎಸ್‌ಪಿ ರೋಡ್ ಬಿಲ್ 38,800, ಗ್ರಾಫಿಕ್ಸ್ ಕಾರ್ಡ್ 1,500, ಕೇಬಲ್ 450, ಒಟ್ಟು 40,750 ರೂ. ಬಸ್ ಚಾರ್ಜು, ಊಟ ಬೇರೆ. ಸಮಯ: ಕ್ಲೋನ್ ದಾರಿಯಲ್ಲಿ ಎರಡು ಸಂಜೆ ಮತ್ತು ಒಂದು ಪೂರ್ತಿ ಶನಿವಾರ, ಕ್ಲೀನ್ ಇನ್‌ಸ್ಟಾಲ್‌ಗೆ ಒಂದು ಭಾನುವಾರ ಮತ್ತು ಮೂರು ಸಂಜೆ. ಅಂದರೆ ನೇರ ಎರಡನೆಯದಕ್ಕೇ ಹೋಗಿದ್ದರೆ ಅರ್ಧಕ್ಕೆ ಅರ್ಧ ಉಳಿಯುತ್ತಿತ್ತು ಎನ್ನಬಹುದು. ಆದರೆ ಕ್ಲೋನ್ ಸೋತಿದ್ದರಿಂದಲೇ ಆ ಪಟ್ಟಿ ಪೂರ್ತಿಯಾದದ್ದು, ಹಾಗಾಗಿ ಈ ಲೆಕ್ಕ ನನಗೇ ಪೂರ್ತಿ ಒಪ್ಪಿಗೆಯಿಲ್ಲ.

ಆರೂ ಹಾಡುಗಳನ್ನು 24ರ ಭಾನುವಾರ ಕಳಿಸಿದೆ. ಹಬ್ಬ 27ಕ್ಕೆ.

ಬಾಕಿ ಇರುವುದು: ಎರಡು ಪ್ಲಗಿನ್. ಒಂದರ ಖಾತೆ ನಾನು ಎಂದೋ ಬಿಟ್ಟ ಇಮೇಲ್ ವಿಳಾಸದಲ್ಲಿದೆ. ಇನ್ನೊಂದರ ಕಂಪನಿಗೆ ಮೂರು ಸಲ ಬರೆದೆ, ‘ನಿಮ್ಮ ಕೋರಿಕೆ ಸರತಿಯಲ್ಲಿದೆ’ ಎಂಬ ಯಂತ್ರದ ಉತ್ತರ ಮೂರು ಸಲ ಬಂತು. ಹಳೇ ಎಸ್‌ಎಸ್‌ಡಿಯನ್ನು ಕವರಿನಲ್ಲಿ ಹಾಕಿ, ಮೇಲೆ ‘2025 ಆಗಸ್ಟ್, ಅಳಿಸಬೇಡ’ ಎಂದು ಬರೆದು ಡ್ರಾಯರ್‌ನಲ್ಲೇ ಇಟ್ಟಿದ್ದೇನೆ. ಹಳೇ ಬೋರ್ಡ್ ಇನ್ನೂ ರಟ್ಟಿನ ಪೆಟ್ಟಿಗೆ ಮೇಲಿದೆ. ಅದನ್ನು ಯಾವಾಗ ಅಟ್ಟಕ್ಕೆ ಹಾಕುತ್ತೀರಿ ಎಂದು ಮನೆಯಲ್ಲಿ ಕೇಳುತ್ತಿದ್ದಾರೆ. ಆ ಎರಡು ಪ್ಲಗಿನ್ ಬರಲಿ ಎಂದಿದ್ದೇನೆ.